ಕೇಳುವವನು ಒಬ್ಬ, ಬಿಚ್ಚುವವನು ಮತ್ತೊಬ್ಬ



ಹೊಸ ಕಾರನ್ನು ಮನೆಗೆ ತರುವ ದಿನ ಮಾರಾಟದ ಮಳಿಗೆಯಲ್ಲಿ ನಡೆಯುವ ಉಪಚಾರವನ್ನು ನಿಮ್ಮಲ್ಲಿ ಹಲವರು ಅನುಭವಿಸಿಯೇ ಇದ್ದೀರಿ. ವಾಹನಕ್ಕೆ ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಮನೆಮಂದಿಗೆಲ್ಲ ಸಿಹಿ. ಅಂಗೈಯಲ್ಲಿ ಅಡಗುವ ಬೀಗದ ಕೈಯ ಬದಲು ತೋಳುದ್ದದ ರಟ್ಟಿನ ಕೀಲಿಕೈಯೊಂದನ್ನು ಯಜಮಾನರ ಕೈಗಿತ್ತು, ಸುತ್ತ ನಿಂತ ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿ ತೆಗೆಸುವ ಒಂದು ಭಾವಚಿತ್ರ. ಇಷ್ಟೆಲ್ಲ ಸಂಭ್ರಮಕ್ಕೆ ಪಾತ್ರರಾದವರೇ ವರ್ಷವೊಂದು ಕಳೆದ ಬಳಿಕ, ಅದೇ ಹೆಸರಿನ ಫಲಕವನ್ನು ಹೊತ್ತ ಕಟ್ಟಡದ ಹಿಂಭಾಗಕ್ಕೆ, ಕಾರಿನ ಮುಂಗಾಲಿಯ ಬಳಿ ಹುಟ್ಟಿಕೊಂಡ ಒಂದು ಶಬ್ದವನ್ನು ಹೇಳಿಕೊಳ್ಳಲು ಹೋದರೆ, ಅಲ್ಲಿ ಅವರನ್ನು ಗುರುತಿಸುವವರೇ ಇರುವುದಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಆ ಹಿಂಭಾಗವನ್ನು ಕುರಿತು. ಡೀಲರುಗಳು ನಡೆಸುವ ಅಧಿಕೃತ ಸರ್ವೀಸ್ ಸೆಂಟರುಗಳನ್ನು ಕುರಿತು.

ದೂರುಗಳಿಗೇನೂ ಕೊರತೆಯಿಲ್ಲ. ಸಂಜೆ ಕೊಡುವೆವೆಂದ ಗಾಡಿ ಮೂರನೆಯ ದಿನ ಕೈಸೇರಿತೆಂಬುದೊಂದು. ಎಸ್ಟಿಮೇಟಿನಲ್ಲಿ ಆರು ಸಾವಿರವಿದ್ದುದು ಬಿಲ್ಲಿನಲ್ಲಿ ಹತ್ತು ಸಾವಿರವಾಯಿತೆಂಬುದು ಮತ್ತೊಂದು. ಬೇಕಾದ ಭಾಗ ದಾಸ್ತಾನಿನಲ್ಲಿಲ್ಲ, ‘ಆರ್ಡರ್ ಹಾಕಿದೀವಿ ಸಾರ್’ ಎಂಬ ಉತ್ತರ ವಾರವಾರವೂ ಅದೇ. ಒಳಗೆ ಹೋಗುವಾಗ ಇಲ್ಲದ ಗೀರು ಹೊರಗೆ ಬರುವಾಗ ಬಾಗಿಲಿನ ಮೇಲಿರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಯಾವ ದೋಷಕ್ಕೆಂದು ಗಾಡಿಯನ್ನು ಬಿಟ್ಟೆವೋ ಆ ದೋಷವೊಂದನ್ನುಳಿದು ಮಿಕ್ಕೆಲ್ಲವನ್ನೂ ಮಾಡಿಕೊಟ್ಟರೆಂಬುದು. ನೋಡುವುದಕ್ಕೆ ಇವು ಬೇರೆಬೇರೆ ದೂರುಗಳು. ಆದರೆ ಇವುಗಳ ಮೂಲ ಬಹುಮಟ್ಟಿಗೆ ಒಂದೇ ಎಂದು ನನ್ನ ಎಣಿಕೆ. ಕಾರಿನ ಕಷ್ಟವನ್ನು ಕೇಳುವವನು ಒಬ್ಬ. ಅದನ್ನು ಬಿಚ್ಚಿ ಸರಿಪಡಿಸುವವನು ಮತ್ತೊಬ್ಬ. ಇವರಿಬ್ಬರೂ ಮುಖಾಮುಖಿ ಮಾತನಾಡುವುದು ಅಪರೂಪ. ಇವರ ನಡುವೆ ಓಡಾಡುವುದು ಒಂದು ಕಾಗದ.

ಹಿಂದೆ ಹೀಗಿರಲಿಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಅಂಬಾಸಿಡರ್ ಕಾರುಗಳು ಬರುತ್ತಿದ್ದುವು. ಮುಂಬಯಿಯಿಂದ ಫಿಯಟ್, ಅದೇ ಮುಂದೆ ಪ್ರೀಮಿಯರ್ ಪದ್ಮಿನಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಕಾಲಿಡುವ ತನಕ ನಮ್ಮ ರಸ್ತೆಗಳ ಮೇಲೆ ಕಾಣುತ್ತಿದ್ದುವು ಬಹುಪಾಲು ಇವೆರಡೇ. ಇವನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಊರಿಗೊಬ್ಬ, ಬೀದಿಗೊಬ್ಬ ಇರುತ್ತಿದ್ದ. ಎಂಜಿನ್ನು ಓಡುತ್ತಿರುವಂತೆಯೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೊತ್ತಿ, ಹಿಡಿಯನ್ನು ಕಿವಿಗಾನಿಸಿ, ಅರ್ಧ ಕಣ್ಣು ಮುಚ್ಚಿ ಅವನು ನಿಂತನೆಂದರೆ, ಸದ್ದು ಟ್ಯಾಪೆಟ್ಟಿನದೋ ವಾಟರ್ ಪಂಪಿನ ಬೇರಿಂಗಿನದೋ ಡೈನಮೋವಿನದೋ ಎಂಬುದು ಕೆಲವೇ ಕ್ಷಣಗಳಲ್ಲಿ ನಿರ್ಣಯವಾಗುತ್ತಿತ್ತು. ಬೇಕಾದ ಭಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದಲೋ, ಕೈ ಬಿಗಿಯಿದ್ದವರಿಗೆ ಶಿವಾಜಿನಗರದ ಗುಜರಿ ಸಾಲಿನಿಂದಲೋ ಬರುತ್ತಿತ್ತು.

ಆ ಮೇಸ್ತ್ರಿಯನ್ನು ಸತ್ಯಹರಿಶ್ಚಂದ್ರನೆಂದು ನಾನು ಹೇಳಲಾರೆ. ನಕಲಿ ಮಾಲನ್ನು ಅಸಲಿಯೆಂದು ಹಾಕಿದವರು ಅವರಲ್ಲಿಯೂ ಇದ್ದರು. ‘ನಾಳೆ ಬನ್ನಿ’ ಎಂಬ ಮಾತನ್ನು ಕಂಡುಹಿಡಿದವರೇ ಅವರಿರಬೇಕು. ಆದರೂ ಒಂದು ಅನುಕೂಲವಿತ್ತು. ಕೇಳುವ ಕಿವಿ, ಬಿಚ್ಚುವ ಕೈ, ಎರಡೂ ಒಂದೇ ಮೈಮೇಲಿದ್ದುವು. ಗಾಡಿಯ ಒಡೆಯ ‘ಏರು ಹತ್ತುವಾಗ ಮಾತ್ರ ಉಬ್ಬಸ ಬಿಡುತ್ತದೆ’ ಎಂದು ಹೇಳಿದ ಮಾತು ಹೇಳಿದ ಹಾಗೆಯೇ ರಿಪೇರಿಯವನ ತಲೆಯಲ್ಲಿ ನಿಲ್ಲುತ್ತಿತ್ತು.

ಹಳೆಯ ವ್ಯವಸ್ಥೆಯ ಬಗೆಗೆ ಇಷ್ಟು ಸಾಕು: ಕೇಳಿದವನೇ ಬಿಚ್ಚುತ್ತಿದ್ದ. ಈಗ ಇಂದಿನ ಸರ್ವೀಸ್ ಸೆಂಟರಿನ ಒಳಹೊಕ್ಕು ನೋಡೋಣ.

ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಾರುಗಳ ಸಾಲು ಗೇಟಿನ ಹೊರಗೆ ರಸ್ತೆಯವರೆಗೂ ನಿಂತಿರುತ್ತದೆ. ಇಸ್ತ್ರಿಯಾದ ಷರಟು ತೊಟ್ಟ ತರುಣನೊಬ್ಬ ಕೈಯಲ್ಲೊಂದು ಟ್ಯಾಬ್ಲೆಟ್ ಹಿಡಿದು ಒಂದು ಗಾಡಿಯಿಂದ ಮತ್ತೊಂದಕ್ಕೆ ಧಾವಿಸುತ್ತಿರುತ್ತಾನೆ. ಅವನೇ ಸರ್ವೀಸ್ ಅಡ್ವೈಸರ್. ಓಡಿದ ಕಿಲೋಮೀಟರು, ಟ್ಯಾಂಕಿನಲ್ಲಿರುವ ಇಂಧನ, ಮೈಮೇಲಿನ ಗೀರುಗಳು, ಸ್ಟೆಪ್ನಿ ಇದೆಯೋ ಇಲ್ಲವೋ, ಇವೆಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಬರೆದುಕೊಂಡ ಮೇಲೆ ಒಡೆಯನ ದೂರಿಗೆ ಅವನು ಕೊಡಬಲ್ಲ ಕಾಲ ಒಂದೆರಡು ವಾಕ್ಯಗಳಷ್ಟು. ಹೀಗೆ ಸಿದ್ಧವಾಗುವ ಪತ್ರವೇ ಜಾಬ್ ಕಾರ್ಡ್. ಇನ್ನು ಮುಂದೆ ಕಾರಿನ ಪರವಾಗಿ ಮಾತನಾಡುವುದು ಅದೊಂದೇ.

ನನ್ನ ಕಾರಿನ ಪ್ರಸಂಗವನ್ನೇ ಹೇಳುತ್ತೇನೆ. ಕಂಪನಿಯ ಹೆಸರೂ ಡೀಲರಿನ ಹೆಸರೂ ಬೇಡ. ಹೆಸರು ಬದಲಿಸಿದರೂ ಕಥೆ ಬದಲಾಗುವುದಿಲ್ಲ. ಬೆಳಗಿನ ಹೊತ್ತು, ಎಂಜಿನ್ನು ಇನ್ನೂ ತಣ್ಣಗಿರುವಾಗ, ನಿಧಾನವಾಗಿ ರಸ್ತೆಯುಬ್ಬನ್ನು ಓರೆಯಾಗಿ ದಾಟಿದರೆ, ಎಡ ಮುಂಗಾಲಿಯ ಕಡೆಯಿಂದ ‘ಕಟ್’ ಎಂದು ಒಂದೇ ಒಂದು ಶಬ್ದ. ವೇಗದಲ್ಲಿ ಹೋದರೆ ಇಲ್ಲ. ನೇರವಾಗಿ ದಾಟಿದರೆ ಇಲ್ಲ. ಮಧ್ಯಾಹ್ನದ ಮೇಲೆ ಇಲ್ಲವೇ ಇಲ್ಲ. ಇಷ್ಟನ್ನೂ ವಿಸ್ತಾರವಾಗಿ ನಿವೇದಿಸಿದೆ. ಅಡ್ವೈಸರ್ ತಲೆದೂಗಿದ. ಜಾಬ್ ಕಾರ್ಡಿನಲ್ಲಿ ಬಿದ್ದ ಮಾತು: ‘ಸಸ್ಪೆನ್ಷನ್ ನಾಯ್ಸ್, ಚೆಕ್.’ ಬೆಳಗೂ ಹೋಯಿತು, ಓರೆಯೂ ಹೋಯಿತು, ಎಡವೂ ಹೋಯಿತು. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ವರ್ಕ್‌ಷಾಪಿನ ಮುಂದಿನ ನುಣುಪಾದ ರಸ್ತೆಯ ಮೇಲೆ, ಯಾರೋ ಒಬ್ಬರು ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು, ‘ಶಬ್ದವಿಲ್ಲ’ ಎಂದು ಷರಾ ಬರೆದರು. ಕಾರನ್ನು ತೊಳೆದು, ಟೈರುಗಳಿಗೆ ಕಪ್ಪು ಪಾಲಿಷು ಬಳಿದು, ಹೊಳೆಯುವಂತೆ ಮಾಡಿ ಒಪ್ಪಿಸಿದರು. ಮರುದಿನ ಬೆಳಗ್ಗೆ ಮನೆಯ ತಿರುವಿನ ಉಬ್ಬಿನ ಮೇಲೆ ಅದೇ ‘ಕಟ್’.

ಮತ್ತೆ ಹೋದಾಗ ಶಾಕ್ ಅಬ್ಸಾರ್ಬರುಗಳ ಜೋಡಿಯನ್ನು ಬದಲಿಸಿದರು. ಖರ್ಚು ಹಲವು ಸಾವಿರ, ಶಬ್ದ ಕದಲಲಿಲ್ಲ. ಆ ಮೇಲೆ ಮೇಲಿನ ಮೌಂಟಿಂಗ್ ಬದಲಿಸಿ ನೋಡೋಣವೆಂದರು. ಈ ‘ಬದಲಿಸಿ ನೋಡೋಣ’ ಎಂಬುದು ಇಂದಿನ ವರ್ಕ್‌ಷಾಪಿನ ಮುಖ್ಯ ಚಿಕಿತ್ಸಾಕ್ರಮ. ರೋಗಿಯನ್ನು ಕಾಣದ ವೈದ್ಯ, ಬಾಗಿಲ ಜವಾನ ಬರೆದುಕೊಟ್ಟ ಚೀಟಿಯನ್ನು ನೋಡಿಯೇ ಒಂದರ ಮೇಲೊಂದು ಔಷಧವನ್ನು ಕುಡಿಸುತ್ತ ಹೋದಂತೆ ಇದು. ಕುಡಿಸಿದ ಪ್ರತಿಯೊಂದು ಔಷಧಕ್ಕೂ ಬೆಲೆ ಬೇರೆ. ಕಡೆಗೊಂದು ಬೆಳಗ್ಗೆ ನಾನು ಕೌಂಟರಿನಿಂದ ಕದಲದೆ ನಿಂತುದರಿಂದಲೋ ಏನೋ, ಒಳಗಿನಿಂದ ಹಿರಿಯ ಟೆಕ್ನಿಷಿಯನ್ ಒಬ್ಬನನ್ನು ಕರೆಸಿದರು. ಎಣ್ಣೆಗಪ್ಪಾದ ಕೈಗಳನ್ನು ಬನಿಯನ್ ಬಟ್ಟೆಗೆ ಒರಸಿಕೊಳ್ಳುತ್ತ ಅವನು ಬಂದು ಪಕ್ಕದ ಆಸನದಲ್ಲಿ ಕುಳಿತ. ‘ಎಲ್ಲಿ ಬರುತ್ತೋ ಅಲ್ಲಿಗೇ ನಡೀರಿ’ ಎಂದ. ಎರಡು ಉಬ್ಬು ದಾಟುವಷ್ಟರಲ್ಲಿ, ‘ಇದು ಲಿಂಕ್ ರಾಡು’ ಎಂದು ನಿರ್ಣಯವಿತ್ತ. ಸ್ಟೆಬಿಲೈಸರಿಗೂ ಗಾಲಿಯ ಜೋಡಣೆಗೂ ನಡುವೆ ಇರುವ, ಗೇಣುದ್ದದ, ಎರಡು ತುದಿಗಳಲ್ಲಿಯೂ ಗುಂಡು ಕೀಲುಗಳುಳ್ಳ ಸಣ್ಣ ಸರಳು ಅದು. ಎರಡು ಗಾಲಿಗಳು ಒಟ್ಟಿಗೆ ಏರಿಳಿದರೆ ಅದರ ಮೇಲೆ ಎಳೆತ ಬೀಳುವುದು ಕಡಮೆ. ಒಂದು ಏರಿ ಇನ್ನೊಂದು ಇಳಿದಾಗ ಸವೆದ ಕೀಲು ಸದ್ದು ಮಾಡುತ್ತದೆ. ಓರೆಯಾಗಿ ದಾಟಿದಾಗ ಮಾತ್ರ ಎಂಬ ನನ್ನ ಮಾತಿಗೆ ಅರ್ಥವಿದ್ದುದು ಅಲ್ಲಿ. ಬೆಲೆ ಒಂದು ಸಾವಿರದ ಆಸುಪಾಸು.

ಆ ಟೆಕ್ನಿಷಿಯನ್ನನ ಹೆಸರು ನನ್ನ ಬಿಲ್ಲಿನಲ್ಲಿ ಇರಲಿಲ್ಲ. ಮೂಲೆಯಲ್ಲಿ ಒಂದು ಸಂಖ್ಯೆಯಿತ್ತು, ಅದೇ ಅವನು.

ಶ್ರೋತೃಗಳೇ, ಇಲ್ಲಿಯವರೆಗೆ ಕಂಡುದಿಷ್ಟು: ಒಡೆಯನ ಮಾತು ಜಾಬ್ ಕಾರ್ಡಿಗೆ ಇಳಿಯುವಾಗ ಅದರ ಪ್ರಾಣ ಹಾರಿಹೋಗುತ್ತದೆ. ಈಗ ಒಬ್ಬರು ಕೇಳಬಹುದು: ಇಂದಿನ ಕಾರುಗಳಲ್ಲಿ ದೋಷವನ್ನು ಕಂಡುಹಿಡಿಯುವುದಕ್ಕೆ ಕಂಪ್ಯೂಟರ್ ಇದೆಯಲ್ಲ, ಒಡೆಯನ ಮಾತೇಕೆ ಬೇಕು?

ನ್ಯಾಯವಾದ ಪ್ರಶ್ನೆ. ಸ್ಟಿಯರಿಂಗಿನ ಕೆಳಗಿರುವ ಕಿಂಡಿಗೆ ಸ್ಕ್ಯಾನರನ್ನು ಜೋಡಿಸಿದರೆ ಕಾರಿನ ಗಣಕ ತನ್ನ ತಪ್ಪುಗಳನ್ನು ಅಂಕೆ ಅಕ್ಷರಗಳ ಸಂಕೇತದಲ್ಲಿ ಒಪ್ಪಿಸುತ್ತದೆ. ಆದರೆ ಸೆನ್ಸರ್ ಇರುವ ಕಡೆಯ ತಪ್ಪನ್ನು ಮಾತ್ರ. ಲಿಂಕ್ ರಾಡಿನ ಗುಂಡು ಕೀಲಿಗೆ ಸೆನ್ಸರ್ ಇಲ್ಲ. ಸಡಿಲವಾದ ಬುಷ್ಷಿಗೆ ಇಲ್ಲ. ಸೆನ್ಸರ್ ಇರುವಲ್ಲಿಯೂ ಅದು ಹೇಳುವುದು ಏನಾಗಿದೆಯೆಂಬುದನ್ನು, ಏಕಾಯಿತೆಂಬುದನ್ನಲ್ಲ. ಉದಾಹರಣೆಗೆ, 2020ರ ಏಪ್ರಿಲಿನಿಂದ ದೇಶದಲ್ಲಿ ಬಿ.ಎಸ್. 6 ಎಂಬ ಹೊಗೆಯ ಮಾನದಂಡ ಜಾರಿಗೆ ಬಂದಿತಷ್ಟೆ. ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವೊಂದು, ಡಿ.ಪಿ.ಎಫ್. ಎಂಬುದು, ಸರ್ವಸಾಮಾನ್ಯವಾಯಿತು. ಹಿಡಿದ ಮಸಿಯನ್ನು ಆಗಾಗ ಸುಟ್ಟು ಕಳೆಯಬೇಕು. ಅದಕ್ಕೆ ಸುಮಾರು 600 ಡಿಗ್ರಿಯಷ್ಟು ಕಾವು ಬೇಕು. ಆ ಕಾವು ಬರಬೇಕಾದರೆ ಗಾಡಿ ಹೆದ್ದಾರಿಯಂಥ ರಸ್ತೆಯ ಮೇಲೆ ಒಂದೇ ಸಮನೆ ಕಾಲು ಗಂಟೆ, ಇಪ್ಪತ್ತು ನಿಮಿಷ ಓಡಬೇಕು. ಜಯನಗರದಿಂದ ಬಸವನಗುಡಿಗೆ ನಿತ್ಯವೂ ಹೋಗಿಬರುವ ಡೀಸೆಲ್ ಕಾರಿಗೆ ಆ ಭಾಗ್ಯ ಎಲ್ಲಿಯದು? ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನರ್ ಜೋಡಿಸಿ, ಬಲಾತ್ಕಾರವಾಗಿ ಮಸಿಯನ್ನು ಸುಡಿಸಿ, ದೀಪವಾರಿಸಿ, ಹಣ ಪಡೆದು ಕಳಿಸುತ್ತಾರೆ. ಕೆಲವು ವಾರಗಳಲ್ಲಿ ದೀಪ ಮರಳಿ ಹೊತ್ತುತ್ತದೆ. ‘ದಿನಕ್ಕೆ ಎಷ್ಟು ದೂರ ಓಡಿಸುವಿರಿ, ಎಂಥ ರಸ್ತೆಯಲ್ಲಿ?’ ಎಂಬ ಒಂದು ಪ್ರಶ್ನೆಯನ್ನು ಆ ಕಾರನ್ನು ಮಾರುವ ದಿನವೇ ಕೇಳಬೇಕಾಗಿತ್ತು. ಸರ್ವೀಸಿಗೆ ಬಂದಾಗಲಾದರೂ ಕೇಳಬಹುದಾಗಿತ್ತು. ಕೇಳುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಮನುಷ್ಯ ಕೇಳುವುದನ್ನು ಬಿಟ್ಟ.

ಜಾಬ್ ಕಾರ್ಡಿನ ಲೋಪವಾಯಿತು, ಸ್ಕ್ಯಾನರಿನ ಮಿತಿಯಾಯಿತು. ಇನ್ನು ಹಣದ ವಿಚಾರ.

ಹೊಸ ಕಾರಿನ ಮಾರಾಟದಲ್ಲಿ ಡೀಲರಿಗೆ ಉಳಿಯುವ ಅಂಶ ಜನ ಭಾವಿಸಿರುವಷ್ಟು ದೊಡ್ಡದಲ್ಲ. ಗಾಜಿನ ಮಳಿಗೆಯ ಬಾಡಿಗೆ, ದಾಸ್ತಾನಿಗೆ ತಂದ ಸಾಲದ ಬಡ್ಡಿ, ಗಿರಾಕಿ ಒತ್ತಾಯಿಸಿ ಪಡೆಯುವ ರಿಯಾಯಿತಿ, ಇವೆಲ್ಲ ಅದನ್ನು ನುಂಗುತ್ತವೆ. ಹೀಗಾಗಿ ಸಂಸಾರ ಸಾಗಬೇಕಾದುದು ಬಿಡಿಭಾಗಗಳಿಂದ, ಕೂಲಿಯಿಂದ, ವಿಮೆಯ ರಿಪೇರಿಯಿಂದ. ಆದಕಾರಣ ದೂರು ಕೇಳಬೇಕಾದ ಆ ತರುಣನಿಗೆ ತಿಂಗಳ ಟಾರ್ಗೆಟ್ಟೊಂದನ್ನು ಕಟ್ಟಿರುತ್ತಾರೆ. ಅವನು ಕಿವಿಯಾಗಬೇಕಾದವನು, ಅವನನ್ನು ಮಾರಾಟದ ಬಾಯಿ ಮಾಡಿಬಿಟ್ಟಿದ್ದಾರೆ. ನೀವು ಶಬ್ದದ ಮಾತೆತ್ತಿದರೆ ಅವನು ಎಂಜಿನ್ ಫ್ಲಷ್ ಎನ್ನುತ್ತಾನೆ. ಬ್ರೇಕಿನ ಮಾತೆತ್ತಿದರೆ ಎ.ಸಿ. ಕ್ಲೀನಿಂಗ್, ಟೆಫ್ಲಾನ್ ಕೋಟಿಂಗ್, ತಳಕ್ಕೆ ತುಕ್ಕುನಿರೋಧಕ ಲೇಪ. ಕಾರನ್ನು ತಯಾರಿಸಿದ ಕಂಪನಿಯೇ ಅಚ್ಚುಮಾಡಿಸಿ ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಟ್ಟಿರುವ ಕೈಪಿಡಿಯನ್ನು ತೆರೆದು ನೋಡಿ: ಎಷ್ಟು ಸಾವಿರ ಕಿಲೋಮೀಟರಿಗೆ ಯಾವ ಆಯಿಲು, ಯಾವ ಫಿಲ್ಟರು ಎಂಬುದು ಕೋಷ್ಟಕವಾಗಿ ಅಲ್ಲಿದೆ. ಫ್ಲಷ್ಷೂ ಕೋಟಿಂಗೂ ಸಾಮಾನ್ಯವಾಗಿ ಆ ಕೋಷ್ಟಕದಲ್ಲಿ ಇರುವುದಿಲ್ಲ. ಬ್ರೇಕ್ ಪ್ಯಾಡು ಹೊಸದಿದ್ದಾಗ ಸುಮಾರು ಹತ್ತು ಮಿಲಿಮೀಟರ್ ದಪ್ಪ. ಮೂರರ ಸಮೀಪಕ್ಕೆ ಸವೆದಾಗ ಬದಲಿಸುವುದು ರೂಢಿ. ‘ಪ್ಯಾಡ್ ಹೋಗಿದೆ’ ಎಂದವರನ್ನು ‘ಎಷ್ಟು ಮಿಲಿಮೀಟರ್ ಉಳಿದಿದೆ?’ ಎಂದು ಕೇಳಿದರೆ ಎಷ್ಟೋ ವೇಳೆ ಪ್ಯಾಡಿಗೆ ಇನ್ನೊಂದು ವರ್ಷದ ಆಯುಸ್ಸು ಬರುತ್ತದೆ.

ಹಾಗೆಂದು ಆ ತರುಣನನ್ನು ನಾನು ದೂಷಿಸುತ್ತಿಲ್ಲ. ಡಿಪ್ಲೊಮಾ ಓದಿ, ಯಂತ್ರದ ಮೇಲಿನ ಪ್ರೀತಿಯಿಂದ ಬಂದವನು ಅವನು. ದಿನವೆಲ್ಲ ಇತರರ ತಪ್ಪಿಗೆ ಬೈಸಿಕೊಳ್ಳುತ್ತಾನೆ. ಸಂಜೆ ಕೀಲಿಕೈಯನ್ನು ಒಪ್ಪಿಸುವಾಗ ದನಿ ತಗ್ಗಿಸಿ ಅವನು ಆಡುವ ಮಾತನ್ನು ನೀವೂ ಕೇಳಿರಬಹುದು: ‘ಕಂಪನಿಯಿಂದ ಫೋನ್ ಬರುತ್ತೆ ಸಾರ್, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ.’ ಎಂಟು ಕೊಟ್ಟರೂ ಅವನ ಪಾಲಿಗೆ ಅದು ನಪಾಸು. ಕನಿಕರದಿಂದ ನೀವು ಹತ್ತು ಕೊಡುತ್ತೀರಿ. ತಯಾರಕರ ಪ್ರಧಾನ ಕಛೇರಿಯಲ್ಲಿ ಕುಳಿತವರು ಹತ್ತುಗಳ ಸಾಲನ್ನು ನೋಡಿ, ನಾಡೆಲ್ಲ ಸಂತುಷ್ಟವಾಗಿದೆಯೆಂದು ನಂಬುತ್ತಾರೆ. ದೂರು ಒಳಗಡೆ ಮೆಕ್ಯಾನಿಕ್ಕನನ್ನೂ ಮುಟ್ಟಲಿಲ್ಲ. ಹೊರಗಡೆ ತಯಾರಕನನ್ನೂ ಮುಟ್ಟಲಿಲ್ಲ.

ಸರಿ, ಡೀಲರಿನ ವರ್ಕ್‌ಷಾಪು ಹೀಗಿದೆ. ಕೇಳುವವರಿಗೆ ಮಾರುವ ಹೊರೆ, ಬಿಚ್ಚುವವರಿಗೆ ಕೇಳುವ ಅವಕಾಶವಿಲ್ಲ. ಹಾಗಾದರೆ ಹೊರಗಿನ ಗ್ಯಾರೇಜಿಗೆ ಹೋಗಬಾರದೇ? ಇಲ್ಲಿ ಇನ್ನೊಂದು ಬೇಲಿಯಿದೆ. ಕಂಪನಿಯ ಅಸಲಿ ಭಾಗಗಳನ್ನೂ, ರಿಪೇರಿಯ ಕೈಪಿಡಿಗಳನ್ನೂ, ಸ್ಕ್ಯಾನರಿನಂಥ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್ಕರಿಗೆ ಸಿಗದಂತೆ ಮಾಡಿದ್ದಾರೆಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು ದೀರ್ಘ ವಿಚಾರಣೆ ನಡೆಸಿ, 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,500 ಕೋಟಿ ರೂಪಾಯಿ ದಂಡ ವಿಧಿಸಿತು; ಭಾಗಗಳನ್ನೂ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡಬೇಕೆಂದು ಆಜ್ಞಾಪಿಸಿತು. ಮೇಲ್ಮನವಿಗಳೂ ರಿಟ್ ಅರ್ಜಿಗಳೂ ಹಿಂಬಾಲಿಸಿದುವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ರಿಪೇರಿಯ ಹಕ್ಕು’ ಎಂಬ ವಿಷಯಕ್ಕೆ ಸಮಿತಿಯೊಂದನ್ನು ನೇಮಿಸಿತು. ಅದರ ಪಟ್ಟಿಯಲ್ಲಿ ಮೊಬೈಲು, ಕೃಷಿ ಯಂತ್ರಗಳೊಡನೆ ವಾಹನಗಳೂ ಸೇರಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿಯೇ ಮತದಾರರು ಇಂಥ ಹಕ್ಕನ್ನು ಮತ ಹಾಕಿ ಪಡೆದುಕೊಂಡಿದ್ದರು. ನಮ್ಮಲ್ಲಿ ಬಾಗಿಲು ಕೊಂಚ ತೆರೆದಿದೆ. ಖಾತರಿಯ ಅವಧಿ ಮುಗಿದ ಮೇಲೆ, ಕೇಳಿದವನೇ ಬಿಚ್ಚುವ ಒಬ್ಬ ಒಳ್ಳೆಯ ಮೆಕ್ಯಾನಿಕ್ಕನನ್ನು ಹುಡುಕಿಕೊಳ್ಳುವುದು ಕಾರಿಗೂ ಕಿಸೆಗೂ ಹಿತವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಖಾತರಿಯ ಅವಧಿಯೊಳಗಿರುವವರ ಪಾಡೇನು? ಅವರಿಗೆ ಡೀಲರಿನ ಬಾಗಿಲೇ ಗತಿ; ಅದು ಮುಚ್ಚಿದರೆ ಕಾನೂನು. ಇಲ್ಲಿಯೂ ಇಬ್ಬರು. ಮಾರಿದ ಡೀಲರ್ ಬೇರೆ, ತಯಾರಿಸಿದ ಕಂಪನಿ ಬೇರೆ. ಗೋವೆಯಲ್ಲಿ ಹಳೆಯ ವರ್ಷದ, ಆಗಲೇ ಕೆಲವು ನೂರು ಕಿಲೋಮೀಟರ್ ಓಡಿದ್ದ ಕಾರನ್ನು ಹೊಸದೆಂದು ಮಾರಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದುದೇನೆಂದರೆ, ಡೀಲರಿಗೂ ತಯಾರಕನಿಗೂ ಇರುವುದು ಇಬ್ಬರು ಸ್ವತಂತ್ರ ವ್ಯಾಪಾರಿಗಳ ಸಂಬಂಧವಾದರೆ, ಡೀಲರಿನ ತಪ್ಪು ತಯಾರಕನಿಗೆ ತಿಳಿದಿತ್ತೆಂಬುದನ್ನು ತೋರಿಸದ ಹೊರತು ಅವನನ್ನು ಹೊಣೆ ಮಾಡಲಾಗದು. 2006ರ ಇನ್ನೊಂದು ತೀರ್ಪಿನಲ್ಲಿ, ದೋಷಯುಕ್ತ ಭಾಗವನ್ನು ಬದಲಿಸಿಕೊಡುವೆವೆಂದಷ್ಟೇ ಖಾತರಿ ಪತ್ರದಲ್ಲಿದ್ದರೆ ಇಡೀ ಕಾರನ್ನು ಬದಲಿಸಿಕೊಡಿರೆಂದು ಕೇಳಲಾಗದೆಂಬ ಅಭಿಪ್ರಾಯ ಬಂದಿದೆ. ಆದುದರಿಂದ ದೂರು ಯಾರ ಮೇಲೆ, ಯಾವುದಕ್ಕೆ ಎಂಬುದನ್ನು ವಿಂಗಡಿಸಬೇಕು: ತಯಾರಿಕೆಯ ದೋಷವೋ, ರಿಪೇರಿಯ ನ್ಯೂನತೆಯೋ. ಮೊದಲನೆಯದಕ್ಕೆ ಪರಿಣತನ ವರದಿ ಬೇಕಾಗುತ್ತದೆ. ಎರಡನೆಯದಕ್ಕೆ ಬೇಕಾಗುವುದು ನಾನು ಮೊದಲಿನಿಂದ ಹೇಳುತ್ತಿರುವ ಆ ಕಾಗದವೇ.

ಆದ್ದರಿಂದ ಜಾಬ್ ಕಾರ್ಡನ್ನು ಅಡ್ವೈಸರಿನ ಟಿಪ್ಪಣಿಯಾಗಲು ಬಿಡಬೇಡಿ. ಅದು ನಿಮ್ಮ ಹೇಳಿಕೆಯಾಗಲಿ. ಯಾವ ಹೊತ್ತು, ಎಂಥ ರಸ್ತೆ, ಯಾವ ಕಡೆ ಎಂಬುದೆಲ್ಲ ಅದರಲ್ಲಿ ಬರುವವರೆಗೆ ಸಹಿ ಮಾಡಬೇಡಿ. ಅವರ ಪಟ್ಟಿಯಲ್ಲಿ ಜಾಗವಿಲ್ಲವೆಂದರೆ ನೀವೇ ಒಂದು ಹಾಳೆಯಲ್ಲಿ ಬರೆದು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಶಬ್ದದ ದೂರಾದರೆ ಟೆಕ್ನಿಷಿಯನ್ನನೇ ನಿಮ್ಮೊಡನೆ ಕಾರಿನಲ್ಲಿ ಕುಳಿತು ಬರಲಿ ಎಂದು ಕೇಳಿ. ಎಸ್ಟಿಮೇಟನ್ನು ಮೀರುವ ಕೆಲಸಕ್ಕೆ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕೆಂದು ಬರೆಸಿ. ಹಣ ಕೊಟ್ಟು ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಖಾತರಿಯಲ್ಲಿ ಬದಲಿಸಿದವು ಕಂಪನಿಗೆ ಹಿಂದಿರುಗುತ್ತವೆ, ಅವನ್ನು ಕೇಳಿ ಫಲವಿಲ್ಲ.

ಇಷ್ಟಾದರೂ ಕೆಲಸ ಕೆಟ್ಟರೆ, 2020ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಡೀಲರ್ ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಕಾರಿಗಾಗಿ ಬೀದರಿನವರು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಮೂರು ತಿಂಗಳಲ್ಲಿ, ಪರೀಕ್ಷೆಗೆ ಕಳಿಸಬೇಕಾದ ವಸ್ತುವಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಆಯೋಗಗಳಲ್ಲಿರುವ ಕಡತಗಳ ರಾಶಿಯನ್ನು ನೋಡಿದವರು ಆ ಅವಧಿಯನ್ನು ಪಂಚಾಂಗದಂತೆ ನಂಬುವುದಿಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, 1915 ಎಂಬ ಸಂಖ್ಯೆಗೆ, ಒಂದು ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವಾಗ ಬಿಲ್ಲೂ ಜಾಬ್ ಕಾರ್ಡೂ ಕೈಗೆಟುಕುವಲ್ಲಿ ಇರಲಿ.